ಸ್ಕೂಬಾ ಡೈವ್ ಕೊನೆಯಲ್ಲಿ ಮೇಲೆ ತೇಲಿಬಿಡ್ತೀರಾ? ತೂಕ ಸಾಲ್ತಿಲ್ಲ
ದಾವಣಗೆರೆ ಈಜುಕೊಳದಲ್ಲಿ ಮುಳುಗೋಕೆ ಕಟ್ಟಿಕೊಂಡ 4 ಕೆಜಿ ತೂಕ ಸರಿಹೋಗಿತ್ತು, ಅದೇ 4 ಕೆಜಿಯಲ್ಲಿ ನೇತ್ರಾಣಿ ದ್ವೀಪದ ಹತ್ತಿರ ಸಮುದ್ರಕ್ಕೆ ಇಳಿದಾಗ ಕೊನೆಗೆ 5 ಮೀಟರ್‌ನಲ್ಲಿ ನಿಲ್ಲಲಾಗದೆ ಮೇಲೆ ಬಂದೆ ಅಂದಿದ್ದೀರಿ. ಬಹುಶಃ ತೂಕ ಸಾಲಲಿಲ್ಲ. ಉಪ್ಪುನೀರು ಜಾಸ್ತಿ ಎತ್ತುತ್ತದೆ. ನೀವು, ಸಿಲಿಂಡರ್, ಎಲ್ಲ ಸೇರಿ 100 ಕೆಜಿ ಇದ್ದರೆ ಸುಮಾರು 2.5 ಕೆಜಿ ಹೆಚ್ಚಿಗೆ ಬೇಕು. ಮೇಲಾಗಿ ಗಾಳಿಗೂ ತೂಕ ಇದೆ ಅಲ್ವಾ? 11 ಲೀಟರ್ ಸಿಲಿಂಡರ್ 200 ಬಾರ್ ಒತ್ತಡದಿಂದ 50ಕ್ಕೆ ಬಂದರೆ ಹತ್ತಿರ ಹತ್ತಿರ 2 ಕೆಜಿ ಹಗುರವಾಗುತ್ತದೆ. ನನಗೂ ಮೊದಲ ಡೈವ್‌ಗಳಲ್ಲಿ ಇದೇ ಆಗಿತ್ತು.

ಈಜುಕೊಳದಲ್ಲಿ ವೆಟ್‌ಸೂಟ್ (ಮೈಗಂಟುವ ಡೈವಿಂಗ್ ಉಡುಪು) ಹಾಕಿದ್ರಾ ಅಂತ ಬರೆದಿಲ್ಲ. ಅದೂ ಮೇಲಕ್ಕೆ ತೇಲಿಸುತ್ತದೆ. ಹಾಕಿರದಿದ್ದರೆ ಇನ್ನೂ ಜಾಸ್ತಿ ಬೇಕಾಗಬಹುದು, ಹಾಗಾಗಿ ಖಚಿತ ಸಂಖ್ಯೆ ಹೇಳಲಾರೆ. ಬೋಧಕರಿಗೆ ಹೇಳಿ 6 ಕೆಜಿಯಿಂದ ಶುರು ಮಾಡಿ.

ಡೈವ್ ಮುಗಿದು 50 ಬಾರ್ ಉಳಿದಿರುವಾಗ ನೀರಿನ ಮೇಲೇ ಪರೀಕ್ಷೆ ಮಾಡಿ, ಬೋಧಕರು ಪಕ್ಕದಲ್ಲಿರಲಿ. ರೆಗ್ಯುಲೇಟರ್ (ಉಸಿರಾಡುವ ಸಾಧನ) ಬಾಯಲ್ಲೇ ಇರಬೇಕು. ನೆಟ್ಟಗೆ ನಿಂತು ಬಿಸಿಡಿ (ಗಾಳಿ ತುಂಬಿ ತೇಲುವಿಕೆ ಹೊಂದಿಸುವ ಜಾಕೆಟ್) ಗಾಳಿ ಪೂರ್ತಿ ಬಿಡಿ. ಎಡಭುಜ ಸ್ವಲ್ಪ ಎತ್ತಿ, ಅಲ್ಲೇ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. ಪಾದ ಒಂದರ ಮೇಲೊಂದು ಹಾಕಿಕೊಳ್ಳಿ, ಇಲ್ಲದಿದ್ದರೆ ಗೊತ್ತಿಲ್ಲದೇ ಫಿನ್ಸ್ ಆಡಿಸುತ್ತಾ ಇರ್ತೀರಿ. ಮಾಮೂಲಿ ಉಸಿರು ಒಂದು ಕ್ಷಣ ಹಿಡಿದರೆ ನೀರು ಕಣ್ಣಿನ ಮಟ್ಟಕ್ಕೆ ನಿಲ್ಲಬೇಕು, ಬಿಟ್ಟಾಗ ನಿಧಾನಕ್ಕೆ ಮುಳುಗಬೇಕು. (ಆಳದಲ್ಲಿ ಮಾತ್ರ ಯಾವತ್ತೂ ಉಸಿರು ಹಿಡಿಯಬೇಡಿ.) ಮುಳುಗದಿದ್ದರೆ 1 ಕೆಜಿ ಸೇರಿಸಿ, ಕಲ್ಲಿನ ಹಾಗೆ ಇಳಿದರೆ 1 ಕೆಜಿ ತೆಗೆಯಿರಿ. ಭಯಕ್ಕೆ ಸುಮ್ನೆ ಜಾಸ್ತಿ ಕಟ್ಟಿಕೊಳ್ಳಬೇಡಿ, ಆಗ ಬಿಸಿಡಿಗೆ ಪದೇ ಪದೇ ಗಾಳಿ ತುಂಬಿ ಮೇಲೆ ಕೆಳಗೆ ಆಗ್ತೀರಿ.

ಸರಿಹೊಂದಿದ ತೂಕ, ಸೂಟಿನ ದಪ್ಪ, ಸಿಲಿಂಡರ್ ಯಾವುದು ಅನ್ನೋದನ್ನ ಅವತ್ತೇ ಬರೆದಿಟ್ಟುಕೊಳ್ಳಿ.