ಸಂಪಾದಕರ ಉತ್ತರ: ಅಭಿಮಾನಿಗಳು ಬರೆದ ಇತಿಹಾಸ

ಧಾರವಾಡದ ಓದುಗರೊಬ್ಬರ ಪತ್ರ: “ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್ ಕುರಿತ ಪುಸ್ತಕಗಳನ್ನು ಪರಿಚಯಿಸುವಾಗ ತಾವು ಸದಸ್ಯರ ಆತ್ಮಕಥೆಗಳನ್ನು ಎರಡೇ ಸಾಲಿನಲ್ಲಿ ಮುಗಿಸಿ, ‘ಡೆಡ್‌ಹೆಡ್’ ಎನಿಸಿಕೊಳ್ಳುವ ಅಭಿಮಾನಿಗಳ ಪುಸ್ತಕಗಳಿಗೆ ಇಡೀ ಪುಟ ಕೊಟ್ಟಿದ್ದೀರಿ. ಭಕ್ತರು ಬರೆದದ್ದನ್ನು ಇತಿಹಾಸವೆಂದು ನಂಬುವುದು ಹೇಗೆ?”

ಉತ್ತರ: ತಮ್ಮ ಸಂಶಯ ಸಕಾರಣವಾದುದೇ. ಆದರೆ ಈ ತಂಡದ ಮಟ್ಟಿಗೆ ಕೇಳುಗರನ್ನು ಬದಿಗಿಟ್ಟರೆ ಇತಿಹಾಸಕ್ಕೆ ಬೇಕಾದ ಆಕರಗಳ ದೊಡ್ಡ ಪಾಲೇ ಕೈಬಿಟ್ಟುಹೋಗುತ್ತದೆ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈ ತಂಡ, 1995ರಲ್ಲಿ ಅದರ ಗಿಟಾರ್ ವಾದಕ, ಗಾಯಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ 2,300ಕ್ಕೂ ಹೆಚ್ಚು ಕಛೇರಿಗಳನ್ನು ನಡೆಸಿತು. ಅದರ ಸಂಗೀತವನ್ನು ಹುಡುಕಬೇಕಾದದ್ದು ಸ್ಟುಡಿಯೋ ಆಲ್ಬಂಗಳಿಗಿಂತ ಹೆಚ್ಚಾಗಿ ಆ ಕಛೇರಿಗಳಲ್ಲಿ. 1968ರಲ್ಲಿ ಮೂರು ನಿಮಿಷಕ್ಕೂ ಕಡಿಮೆ ಅವಧಿಯ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಆಗಿ ಬಂದ ‘ಡಾರ್ಕ್ ಸ್ಟಾರ್’ ಹಾಡು ವೇದಿಕೆಯ ಮೇಲೆ ಮನೋಧರ್ಮಕ್ಕೆ ತಕ್ಕಂತೆ ಇಪ್ಪತ್ತು ನಿಮಿಷ ದಾಟಿ ಬೆಳೆಯುತ್ತಿತ್ತು. ಆ ಬೆಳವಣಿಗೆಯನ್ನು ಮೈಕು, ಟೇಪ್ ರೆಕಾರ್ಡರ್ ಹೊತ್ತು ಊರೂರು ಸುತ್ತಿ ಹಿಡಿದಿಟ್ಟವರಲ್ಲಿ ಅಭಿಮಾನಿಗಳೇ ಬಹುಮಂದಿ. 1984ರ ಅಕ್ಟೋಬರ್‌ನಲ್ಲಿ ಬರ್ಕ್ಲಿಯ ಕಛೇರಿಗಳಿಂದ ತಂಡವೇ ಅವರಿಗೆ ಪ್ರತ್ಯೇಕ ಆಸನಗಳನ್ನು ಮೀಸಲಿಟ್ಟಿತು. ಕ್ಯಾಸೆಟ್‌ಗಳನ್ನು ವಿನಿಮಯ ಮಾಡಿಕೊಳ್ಳಬಹುದು, ಮಾರುವಂತಿಲ್ಲ ಎಂಬುದು ಎಲ್ಲರೂ ಬಲ್ಲ ಕಟ್ಟಳೆಯಾಗಿತ್ತು.

ಅಭಿಮಾನಿಗಳು 1987ರಿಂದ ಪ್ರಕಟಿಸಿದ ‘ಡೆಡ್‌ಬೇಸ್’ ಸಂಪುಟಗಳನ್ನು ತಾವು ಒಮ್ಮೆ ತಿರುವಿ ನೋಡಬೇಕು. ದಿನಾಂಕ, ಸಭಾಂಗಣ, ಊರು, ಅದರ ಕೆಳಗೆ ನುಡಿಸಿದ ಕ್ರಮದಲ್ಲೇ ಹಾಡುಗಳು, ಒಂದು ಹಾಡು ನಿಲ್ಲದೆ ಇನ್ನೊಂದಕ್ಕೆ ಹರಿದ ಕಡೆ ನಡುವೆ ಒಂದು ಬಾಣದ ಗುರುತು. ಇದರಲ್ಲಿ ಭಕ್ತಿಗೆ ಎಡೆಯೆಲ್ಲಿದೆ? ಶಾಸನ ಸಂಪುಟಗಳನ್ನು ಯಾರೂ ರಸಾಸ್ವಾದಕ್ಕೆಂದು ಓದುವುದಿಲ್ಲ, ಆದರೆ ಅವಿಲ್ಲದೆ ರಾಜವಂಶದ ಕಥೆ ನಿಲ್ಲುವುದಿಲ್ಲ. ಈ ಪಟ್ಟಿಗಳ ಸ್ಥಾನವೂ ಅಂಥದ್ದೇ.

ಇನ್ನು ಸದಸ್ಯರ ಆತ್ಮಕಥೆಗಳು. ಬಾಸ್ ವಾದಕ ಫಿಲ್ ಲೆಶ್ 2005ರಲ್ಲಿ, ಡ್ರಮ್ಮರ್ ಬಿಲ್ ಕ್ರೂಟ್ಸ್‌ಮನ್ 2015ರಲ್ಲಿ ತಮ್ಮ ನೆನಪುಗಳನ್ನು ಪ್ರಕಟಿಸಿದರು. ಎರಡೂ ಓದಿಸಿಕೊಂಡು ಹೋಗುತ್ತವೆ, ಆದರೆ ದಶಕಗಳ ಹಿಂದಿನ ರಾತ್ರಿಯೊಂದರ ನೆನಪಿಗಿಂತ ಆ ರಾತ್ರಿಯ ಟೇಪು ಹೆಚ್ಚು ನಂಬಿಕೆಗೆ ಅರ್ಹವೆಂದು ನಾವು ತಿಳಿಯುತ್ತೇವೆ. ಅಧಿಕೃತವೆನ್ನಬಹುದಾದ ಇತಿಹಾಸವನ್ನು 2002ರಲ್ಲಿ ಕೊಟ್ಟ ಡೆನ್ನಿಸ್ ಮೆಕ್‌ನ್ಯಾಲಿ ಕೂಡ ಹೊರಗಿನವರಲ್ಲ. ಇತಿಹಾಸದಲ್ಲಿ ಡಾಕ್ಟರೇಟ್ ಪಡೆದ ಅವರು ಅಮೆರಿಕದ ಕಾದಂಬರಿಕಾರ ಜಾಕ್ ಕೆರೂಯಾಕ್‌ನ ಜೀವನಚರಿತ್ರೆ ಬರೆದು ಗಾರ್ಸಿಯಾರ ಮೆಚ್ಚುಗೆ ಗಳಿಸಿ, ಮುಂದೆ ತಂಡದ ಪ್ರಚಾರಾಧಿಕಾರಿಯಾದವರು. ಅಂದಮೇಲೆ ಪಕ್ಷಪಾತದ ಆರೋಪವನ್ನು ಅಭಿಮಾನಿಗಳ ಮೇಲಷ್ಟೇ ಹೊರಿಸುವುದು ನ್ಯಾಯವಲ್ಲ.

ಅಭಿಮಾನಿಗಳ ಬರಹ ಎಡವುವ ಜಾಗ ಬೇರೆ: ತಮ್ಮವರ ತಪ್ಪಿನ ಮಾತು ಬಂದಾಗ ಅದು ಮೆತ್ತಗಾಗುತ್ತದೆ. 1995ರ ಜುಲೈನಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಡೀರ್ ಕ್ರೀಕ್ ಬಯಲು ರಂಗಮಂದಿರದಲ್ಲಿ ತಂಡದ ಕಛೇರಿ ನಡೆದಾಗ ಟಿಕೆಟ್ ಇಲ್ಲದ ಗುಂಪು ಬೇಲಿ ಮುರಿದು ನುಗ್ಗಿತು. ಮರುದಿನದ ಕಛೇರಿ ರದ್ದಾಯಿತು, ಟಿಕೆಟ್ ಇಲ್ಲದವರು ಬರಬೇಡಿರೆಂದು ತಂಡವೇ ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು. ‘ಅವರು ನಿಜವಾದ ಡೆಡ್‌ಹೆಡ್‌ಗಳಲ್ಲ’ ಎಂಬ ಒಂದೇ ವಾಕ್ಯದಲ್ಲಿ ಈ ಪ್ರಸಂಗವನ್ನು ದಾಟಿಬಿಡುವ ಬರಹಗಾರರನ್ನು ತಾವು ಧಾರಾಳವಾಗಿ ಅನುಮಾನಿಸಬಹುದು. ಗಾರ್ಸಿಯಾರ ಹೆರಾಯಿನ್ ಚಟದ ವಿಷಯದಲ್ಲೂ ಇದೇ ಪರೀಕ್ಷೆಯನ್ನು ಒಡ್ಡಿ ನೋಡಿ.

ಎಲ್ಲಿಂದ ತೊಡಗಬೇಕೆಂದು ಕೇಳಿದರೆ, ಡೇವಿಡ್ ಶೆಂಕ್ ಮತ್ತು ಸ್ಟೀವ್ ಸಿಲ್ಬರ್‌ಮನ್ 1994ರಲ್ಲಿ ಹೊರತಂದ ಡೆಡ್‌ಹೆಡ್‌ಗಳ ನಿಘಂಟು ‘ಸ್ಕೆಲಿಟನ್ ಕೀ’ಯನ್ನೇ ಸೂಚಿಸುತ್ತೇವೆ. ಗಾರ್ಸಿಯಾ ಬದುಕಿದ್ದಾಗಲೇ ಬಂದ ಪುಸ್ತಕವಾದ್ದರಿಂದ ಅದರಲ್ಲಿ ಶೋಕದ ಭಾರವಿಲ್ಲ. ಬಳಿಕ ಮೆಕ್‌ನ್ಯಾಲಿ, ಆಮೇಲೆ ಲೆಶ್. ಮೂರನ್ನೂ ಟೇಪು ಕೇಳುತ್ತಲೇ ಓದಬೇಕು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ 1977ರ ಮೇ 8ರಂದು ನಡೆದ ಕಛೇರಿಯ ಧ್ವನಿಮುದ್ರಣದಿಂದ ಆರಂಭಿಸಿದರೆ ಸಾಕು: ಆ ಒಂದು ಸಂಜೆಯ ಮೇಲೆಯೇ ಒಂದು ಇಡೀ ಪುಸ್ತಕವಿದೆ.