ಆಟದ ರೈಲು ಬೇಡ, ಪ್ಯಾಸೆಂಜರ್ ಗಾಡಿ ಕೇಳೋಣ

ಮಹಾರಾಷ್ಟ್ರ ಗಡಿಯ ಜತ್ತ ತಾಲೂಕಿನ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಪುಟ ತುಂಬಾ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯಲ್ಲಿ ನಾವು ಊಟಿ ರೈಲಿನ ಬಗ್ಗೆ ಹಾಕಿದ್ದ ಲೇಖನ ಅವರಿಗೆ ಸಿಟ್ಟು ತರಿಸಿದೆ. ಪೂರ್ತಿ ಪತ್ರ ಹಾಕಲು ಜಾಗ ಇಲ್ಲ, ತಿರುಳು ಹೇಳುತ್ತೇನೆ. "ಊಟಿ, ಶಿಮ್ಲಾ, ಡಾರ್ಜಿಲಿಂಗ್ ರೈಲಿಗೆ ವಿಶ್ವ ಪರಂಪರೆಯ ಪಟ್ಟ ಸಿಕ್ಕಿತು. ನಮ್ಮ ಮಿರಜ–ಪಂಢರಪುರ–ಲಾತೂರ ಸಣ್ಣ ಗಾಡಿಯನ್ನು ಮಾತ್ರ ಗುಜರಿಗೆ ಹಾಕಿದರು. ನಾವು ಗಡಿಯವರು, ನಮ್ಮನ್ನು ಕೇಳುವವರು ಯಾರು? ಪಂಢರಪುರದ ಹತ್ತಿರ ಒಂದು ತುಂಡು ಹಳಿಯನ್ನಾದರೂ ಉಳಿಸಿ ಪ್ರವಾಸಿಗರಿಗೆ ಆಟದ ರೈಲು ಓಡಿಸಬಹುದಿತ್ತಲ್ಲ? ನೀವು ಪತ್ರಿಕೆಯವರಾದರೂ ಇದಕ್ಕೆ ಬಾಯಿ ಬಿಡಬಾರದೇ?" ಕೊನೆಗೆ ಇನ್ನೊಂದು ಸಣ್ಣ ಪ್ರಶ್ನೆಯೂ ಇದೆ. ಊರಿನ ಶಾಲೆಯ ಮಕ್ಕಳಿಂದ ರಟ್ಟಿನಲ್ಲಿ ಆ ಗಾಡಿ ಮಾಡಿಸಬೇಕೆಂದಿದ್ದಾರಂತೆ, ಅಳತೆ ಎಷ್ಟಿಡಬೇಕು ಅಂತ.

ಮಾಸ್ತರರೇ, ನಮಸ್ಕಾರ. ಬಾಯಿ ಬಿಡುತ್ತೇನೆ, ಆದರೆ ನಿಮಗೆ ಬೇಕಾದ ಹಾಗೆ ಅಲ್ಲ.

ನಿಮ್ಮ ಸಿಟ್ಟಿಗೆ ಕಾರಣ ಇದೆ, ಅದನ್ನು ಮೊದಲೇ ಒಪ್ಪಿಬಿಡುತ್ತೇನೆ. ಕಾಲ್ಕಾ–ಶಿಮ್ಲಾ ಹಳಿಯ ಅಗಲ ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್. ನಮ್ಮ ಬಾರ್ಶಿ ಲೈಟ್, ಅಂದರೆ ನೀವು ಹೇಳುವ ಮಿರಜ–ಲಾತೂರ ಸಣ್ಣ ಗಾಡಿ, ಅದರ ಹಳಿಯ ಅಗಲವೂ ಅಷ್ಟೇ. ಶಿಮ್ಲಾಕ್ಕೆ ಗಾಡಿ ಹೋಗಿದ್ದು 1903ರಲ್ಲಿ. ಕುರ್ಡುವಾಡಿಯಿಂದ ಬಾರ್ಶಿಗೆ ಗಾಡಿ ಓಡಿದ್ದು 1897ರಲ್ಲಿ. 1906ರಲ್ಲಿ ಅದು ಪಂಢರಪುರ ಮುಟ್ಟಿತು, 1911ರಲ್ಲಿ ಆ ಕಡೆ ಲಾತೂರಿಗೆ ಹೋಯಿತು, 1927ರಲ್ಲಿ ಈ ಕಡೆ ಸಾಂಗೋಲಾ, ಜತ್ ರೋಡ್, ಕವಠೆ ಮಹಾಂಕಾಳ ದಾಟಿ ಮಿರಜಕ್ಕೆ ಬಂತು. ಒಟ್ಟು ಸುಮಾರು 325 ಕಿಲೋಮೀಟರ್. ಶಿಮ್ಲಾದ್ದು 96, ಊಟಿಯದು 46, ಮುಂಬೈ ಹತ್ತಿರದ ಗಿರಿಧಾಮ ಮಾಥೇರಾನದ್ದು 21. ಈ ಲೆಕ್ಕದಲ್ಲಿ ನಮ್ಮದೇ ದೊಡ್ಡಣ್ಣ. ಆದರೂ ಊಟಿಗೆ ಹೋಗಿ ಬಂದವರು ಮೊಬೈಲ್ ತುಂಬಾ ಫೋಟೊ ತೋರಿಸುತ್ತಾರೆ, ಬಾರ್ಶಿ ಲೈಟ್ ಅಂದರೆ ಬೆಂಗಳೂರಿನವರು "ಅದ್ಯಾವ ಬೀಡಿ?" ಅಂತ ಕೇಳುತ್ತಾರೆ.

ಹಾಗಾದರೆ ಅವು ಯಾಕೆ ಉಳಿದವು? ಪ್ರೀತಿಯಿಂದ ಉಳಿದವು ಅಂತ ನೀವು ಅಂದುಕೊಂಡಿದ್ದೀರಿ. ಪ್ರೀತಿ ಆಮೇಲಿನದು. ಮೊದಲ ಕಾರಣ ಬೆಟ್ಟ. ಊಟಿ ದಾರಿಯಲ್ಲಿ ಕಲ್ಲಾರಿನಿಂದ ಕೂನೂರಿನವರೆಗೆ ಎಂಥ ಏರು ಅಂದರೆ ಸುಮಾರು 12 ಅಡಿ ಮುಂದೆ ಹೋಗುವಷ್ಟರಲ್ಲಿ 1 ಅಡಿ ಮೇಲೆ ಹತ್ತಬೇಕು. ಬರೀ ಚಕ್ರ ಅಲ್ಲಿ ಜಾರಿಬಿಡುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಿ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಹತ್ತುವ ಹಾಗೆ ಮಾಡಿದ್ದಾರೆ. ಮೇಟುಪಾಳ್ಯದಿಂದ ಊಟಿ ಮುಟ್ಟಲು ಇವತ್ತಿಗೂ ಸುಮಾರು 5 ತಾಸು ಬೇಕು. ಅಲ್ಲಿಗೆ ದೊಡ್ಡ ಗಾಡಿ ಒಯ್ಯುತ್ತೇನೆ ಅಂದರೆ ಗುಡ್ಡವನ್ನೇ ಕಡಿಯಬೇಕು. ಮಾಥೇರಾನಕ್ಕೆ ಇನ್ನೊಂದು ಕಾರಣ: ಊರೊಳಗೆ ಮೋಟಾರು ಬಿಡುವುದಿಲ್ಲ. ಇತ್ತೀಚಿನವರೆಗೂ ಕುದುರೆ, ಕಾಲು, ಇಲ್ಲಾ ಸಣ್ಣ ಗಾಡಿ. 2005ರ ಜುಲೈ ಮಳೆಗೆ ಅಲ್ಲಿನ ಹಳಿ ಕೊಚ್ಚಿಹೋದರೂ ಮತ್ತೆ ಕಟ್ಟಿ 2007ರಲ್ಲಿ ಓಡಿಸಿದರು, ಯಾಕೆಂದರೆ ಅದಕ್ಕೆ ಅಲ್ಲಿ ಕೆಲಸ ಇತ್ತು.

ನಮ್ಮಲ್ಲಿ ಬೆಟ್ಟ ಎಲ್ಲಿದೆ ಮಾಸ್ತರರೇ? ಸಾಂಗೋಲಾದ ಬಯಲಲ್ಲಿ ನಿಂತರೆ ಮುಂದಿನ ಊರಿನ ಗುಡಿ ಶಿಖರ ಕಾಣುತ್ತದೆ. ಅಲ್ಲಿ ಸಣ್ಣ ಹಳಿ ಹಾಕಿದ್ದು ಏರಿಗೆ ಹೆದರಿ ಅಲ್ಲ, ದುಡ್ಡಿನ ಲೆಕ್ಕಕ್ಕೆ. ಆ ಲೆಕ್ಕ ಮಾಡಿದ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ಅವನು ಸಾಮಾನ್ಯ ಆಸಾಮಿ ಅಲ್ಲ.

ಎವರಾರ್ಡ್ ಕಾಲ್‌ಥ್ರಾಪ್ ಎಂಬ ಇಂಗ್ಲಿಷ್ ಇಂಜಿನಿಯರ್. ಮುಂಬೈ–ಸೊಲ್ಲಾಪುರದ ದೊಡ್ಡ ಹಳಿ ಬಾರ್ಶಿ ಪೇಟೆಯನ್ನು ಬದಿಗೆ ಬಿಟ್ಟು ಹೋಗಿತ್ತು. ನಮ್ಮ ಕಡೆ ಸ್ಟೇಷನ್ ಹೆಸರಿಗೆ 'ರೋಡ್' ಅಂತ ಬಾಲ ಇದ್ದರೆ ಊರು ಇನ್ನೂ ದೂರ ಇದೆ ಅಂತಲೇ ಅರ್ಥ, ಅಕ್ಕಲಕೋಟ ರೋಡಿನಲ್ಲಿ ಇಳಿದವರಿಗೆಲ್ಲ ಇದು ಗೊತ್ತು. ಹಾಗೆ ಬಾರ್ಶಿ ರೋಡ್ ಅಂತ ಒಂದು ಸ್ಟೇಷನ್ (ಈಗಿನ ಕುರ್ಡುವಾಡಿ), ಅಲ್ಲಿಂದ ಬಾರ್ಶಿಗೆ ಸುಮಾರು 35 ಕಿಲೋಮೀಟರ್ ಚಕ್ಕಡಿ ದಾರಿ. ಕಾಲ್‌ಥ್ರಾಪ್ ಅಲ್ಲಿಗೆ ಹಗುರ ರೈಲು ಹಾಕಲು ಹೊರಟ. ಸಣ್ಣ ರೈಲು ಅಂದರೆ ದೊಡ್ಡದರ ಬಡ ನಕಲು ಆಗಬಾರದು ಅನ್ನುವುದು ಅವನ ಹಟ. ಇಂಜಿನ್ ಇರಲಿ, ಡಬ್ಬಿ ಇರಲಿ, ಸಾಮಾನಿನ ವ್ಯಾಗನ್ ಇರಲಿ, ಯಾವ ಅಚ್ಚಿನ (ಎರಡು ಚಕ್ರ ಜೋಡಿಸುವ ದಂಡದ) ಮೇಲೂ 5 ಟನ್ನಿಗಿಂತ ಜಾಸ್ತಿ ಭಾರ ಬೀಳಬಾರದು ಅಂತ ನಿಯಮ ಮಾಡಿಕೊಂಡ. ಆಗ ಹಳಿ ತೆಳ್ಳಗಿದ್ದರೂ ನಡೆಯುತ್ತದೆ, ಸೇತುವೆ ಹಗುರ ಇದ್ದರೂ ನಡೆಯುತ್ತದೆ, ಖರ್ಚು ಇಳಿಯುತ್ತದೆ. ಗಾಡಿಗಳನ್ನು ಇಲ್ಲಿಗೆ ಕಳಿಸುವ ಮೊದಲು ಇಂಗ್ಲೆಂಡಿನ ಲೀಡ್ಸ್ ಊರಿನ ಹತ್ತಿರ ಹಳಿ ಹಾಕಿ ಓಡಿಸಿ ನೋಡಿದ. ಮಿರಜಕ್ಕೆ ಹಳಿ ಬಂದ ವರ್ಷವೇ, 1927ರಲ್ಲಿ, ತೀರಿಕೊಂಡ. ನಡುವೆ ಇನ್ನೊಂದು ಕೆಲಸವನ್ನೂ ಮಾಡಿದ್ದ. 1910ರಲ್ಲಿ ಅವನ ಸ್ನೇಹಿತ ಚಾರ್ಲ್ಸ್ ರೋಲ್ಸ್, ರೋಲ್ಸ್ ರಾಯ್ಸ್ ಕಾರಿನ ರೋಲ್ಸ್ ಅವನೇ, ವಿಮಾನ ಬಿದ್ದು ಸತ್ತ. ಅದನ್ನು ಮನಸ್ಸಿಗೆ ಹಚ್ಚಿಕೊಂಡು ಕಾಲ್‌ಥ್ರಾಪ್ ವಿಮಾನದವರಿಗೆ ಪ್ಯಾರಾಚೂಟ್ ಮಾಡಿದ, 'ಗಾರ್ಡಿಯನ್ ಏಂಜೆಲ್' ಅಂತ ಅದರ ಹೆಸರು. ಬಾರ್ಶಿ ಹತ್ತಿ ಸಾಗಿಸಲು ರೈಲು ಮಾಡಿದವನೇ ಆಕಾಶದಿಂದ ಇಳಿಯಲು ಛತ್ರಿ ಮಾಡಿದ ಅನ್ನುವುದನ್ನು ನಿಮ್ಮ ಶಾಲೆಯ ಮಕ್ಕಳಿಗೆ ಖಂಡಿತ ಹೇಳಿ.

ಇನ್ನು ನಿಮ್ಮ ನೆನಪಿನ ಭಾಗ. ಆಷಾಢ ಏಕಾದಶಿಗೆ ಆಯಿಯ ಜೊತೆ ಜತ್ ರೋಡಿನಲ್ಲಿ ಗಾಡಿ ಹತ್ತಿದ್ದು, ಮಾಡಿನ ಮೇಲೆಲ್ಲ ಜನ ಕೂತಿದ್ದು, ಗಾಡಿ ಎಷ್ಟು ಮೆಲ್ಲಗೆ ಅಂದರೆ ಇಳಿದು ಬಹಿರ್ದೆಸೆಗೆ ಹೋಗಿ ಬಂದು ಮತ್ತೆ ಹತ್ತಬಹುದಿತ್ತು ಅಂತ ಬರೆದಿದ್ದೀರಿ. ಮೊದಲಿನ ಎರಡು ಸರಿ. ಮೂರನೆಯದನ್ನು ದೇಶದಲ್ಲಿ ಸಣ್ಣ ಹಳಿ ಇದ್ದ ಪ್ರತಿ ಊರಿನವರೂ ಹೇಳುತ್ತಾರೆ, ಕಣ್ಣಾರೆ ಕಂಡವರನ್ನು ನಾನಂತೂ ನೋಡಿಲ್ಲ. ಎಲ್ಲರ ಮುತ್ಯಾನೂ ಇಳಿದು ಹತ್ತಿದವನೇ!

ನಾವು ಸೊಲ್ಲಾಪುರ ಕಡೆಯವರು ಹೋಗುತ್ತಿದ್ದದ್ದು ಕುರ್ಡುವಾಡಿ ಮೇಲೆ. ದೊಡ್ಡ ಗಾಡಿ ಇಳಿದು, ಗಂಟು ಮೂಟೆ ಹೊತ್ತುಕೊಂಡು ಸಣ್ಣ ಗಾಡಿಗೆ ಓಡಬೇಕು. ದೊಡ್ಡವರು ಓಡುವಷ್ಟರಲ್ಲಿ ಹುಡುಗರನ್ನು ಮುಂದೆ ಬಿಟ್ಟು ಕಿಟಕಿಯಿಂದ ಟವೆಲ್ ಎಸೆದು ಜಾಗ ಹಿಡಿಯುವುದು. ಒಳಗೆ ಎದುರಾಬದುರು ಕೂತರೆ ನಮ್ಮ ಮೊಣಕಾಲು ಎದುರಿನವರ ಮೊಣಕಾಲಿಗೆ ತಾಗುತ್ತಿತ್ತು, ಅದಕ್ಕೇ ಇರಬೇಕು, ಮಾತಾಡದೆ ಕೂರಲು ಆಗುತ್ತಿರಲಿಲ್ಲ. ಯಾವ ಊರು, ಯಾರ ಪೈಕಿ, ಬುತ್ತಿಯಲ್ಲಿ ಏನಿದೆ, ಎಲ್ಲಾ ವಿಚಾರಣೆ ಮುಗಿಯುವಷ್ಟರಲ್ಲಿ ಶೇಂಗಾ ಚಟ್ನಿ ಆ ಕಡೆಯಿಂದ ಈ ಕಡೆಗೆ ಬಂದಿರುತ್ತಿತ್ತು. ಕನ್ನಡದಲ್ಲಿ ಶುರುವಾದ ಜಗಳ ಮರಾಠಿಯಲ್ಲಿ ಮುಗಿಯುತ್ತಿತ್ತು. ಇಂಜಿನ್ನಿನ ಕಡೆ ಮುಖ ಮಾಡಿ ಕೂತವರ ಕಣ್ಣಿಗೆ ಕಲ್ಲಿದ್ದಲ ಕಿಡಿಪುಡಿ ಬೀಳುತ್ತಿತ್ತು. ಸೀರೆಯ ಸೆರಗನ್ನು ಬಾಯಿಂದ ಊದಿ ಬಿಸಿ ಮಾಡಿ ಕಣ್ಣಿಗೆ ಒತ್ತುವುದು ಅದಕ್ಕೆ ಔಷಧ.

ಮತ್ತೆ ಆ ರಟ್ಟಿನ ಟಿಕೆಟ್. ಥಾಮಸ್ ಎಡ್ಮಂಡ್‌ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ಟರ್ 1830ರ ದಶಕದಲ್ಲಿ ಕಂಡುಹಿಡಿದದ್ದು, 57 ಮಿಲಿಮೀಟರ್ ಉದ್ದ, 30 ಚಿಲ್ಲರೆ ಅಗಲ, ನಮ್ಮಲ್ಲಿ ಕಂಪ್ಯೂಟರ್ ಬರುವವರೆಗೂ ನಡೆಯಿತು. ಕಿಂಡಿಯ ಒಳಗಿನ ಮನುಷ್ಯ ಗೂಡಿನಿಂದ ಒಂದು ಟಿಕೆಟ್ ಎಳೆದು, ಕಬ್ಬಿಣದ ಯಂತ್ರದ ಬಾಯಿಗೆ ಕೊಟ್ಟು 'ಟಕ್' ಅನ್ನಿಸಿದರೆ ಅಂಚಿನಲ್ಲಿ ತಾರೀಖು ಒತ್ತಿಕೊಳ್ಳುತ್ತಿತ್ತು. ಶಾಯಿ ಕಡಿಮೆ ಇದ್ದ ದಿನ ತಾರೀಖು ಬೆರಳಿಗೆ ಮಾತ್ರ ಗೊತ್ತಾಗುತ್ತಿತ್ತು, ಕಣ್ಣಿಗೆ ಇಲ್ಲ. ಪಂಢರಪುರದ ಟಿಕೆಟ್ಟನ್ನು ಇಳಿಯುವಾಗ ಕೊಡಬೇಕಲ್ಲ ಅಂತ ಅಳುತ್ತಿದ್ದ ಮಕ್ಕಳಲ್ಲಿ ನಾನೂ ಒಬ್ಬ.

ನೀವು ಮಿರಜದ ಕಡೆಯಿಂದ ನೋಡಿದವರು, ನಿಮಗೆ ಇನ್ನೂ ದೊಡ್ಡ ಸೋಜಿಗ ಸಿಕ್ಕಿತ್ತು. 1971ರಲ್ಲಿ ಪುಣೆ–ಕೊಲ್ಹಾಪುರ ದೊಡ್ಡ ಹಳಿ ಆದ ಮೇಲೆ ಮಿರಜ ಒಂದೇ ಸ್ಟೇಷನ್ನಿನಲ್ಲಿ ಮೂರು ಅಳತೆಯ ಹಳಿ. ಮುಂಬೈಗೆ ದೊಡ್ಡದು, ಬೆಳಗಾವಿ–ಹುಬ್ಬಳ್ಳಿಗೆ ಮೀಟರ್ ಗೇಜು, ಪಂಢರಪುರಕ್ಕೆ ಸಣ್ಣದು. ಸಂಗೀತದವರು ಅಲ್ಲಿಂದಲೇ ಹುಬ್ಬಳ್ಳಿ–ಧಾರವಾಡಕ್ಕೆ ಓಡಾಡಿದರು. ಮಿರಜದಲ್ಲಿ ನೆಲೆಸಿದ್ದ ಉಸ್ತಾದ್ ಅಬ್ದುಲ್ ಕರೀಂ ಖಾನರಂತೂ 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಗಾಡಿಯಲ್ಲಿ ಮೈ ಸರಿಯಿಲ್ಲ ಅನ್ನಿಸಿ ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಆ ಪ್ಲಾಟ್‌ಫಾರ್ಮಿನ ಮೇಲೇ ಕೊನೆಯುಸಿರೆಳೆದರು. ಇದು ಮಾತಿಗೆ ಮಾತು ಬಂತು ಅಂತ ಹೇಳಿದೆ.

ಈ ಮೂರು ಹಳಿಯ ಸೋಜಿಗ ನಮಗೆ ಚೆಂದ, ಹಮಾಲರಿಗೆ ಸೊಂಟ ನೋವು. ಸಣ್ಣ ವ್ಯಾಗನ್ನಿನಲ್ಲಿ ಬಂದ ಪ್ರತಿ ಚೀಲವನ್ನೂ ಕೈಯಿಂದ ಇಳಿಸಿ ದೊಡ್ಡ ವ್ಯಾಗನ್ನಿಗೆ ತುಂಬಬೇಕು. ಮಿರಜದಲ್ಲೂ ಹೀಗೇ, ಕುರ್ಡುವಾಡಿಯಲ್ಲೂ ಹೀಗೇ. ಅದಕ್ಕೆ ಕೂಲಿ, ತಡ, ಚೀಲ ಹರಿದು ಸೋರಿದ್ದು ಬೇರೆ. ಲಾರಿ ಬಂದ ಮೇಲೆ ವ್ಯಾಪಾರಿಗಳು ಯಾಕೆ ಕಾಯುತ್ತಾರೆ? 1954ರಲ್ಲಿ ಕಂಪನಿಯಿಂದ ಸರಕಾರದ ಕೈಗೆ ಬಂದಾಗಲೇ ಕಾಲ ಬದಲಾಗುತ್ತಿತ್ತು. ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ತುಂಡು ತುಂಡಾಗಿ ಅಗಲ ಮಾಡಿ ದೊಡ್ಡ ಹಳಿ ಹಾಕಿದರು. ಗಡಿಯವರು ಅಂತ ಕಿತ್ತರು ಅನ್ನುತ್ತೀರಿ. ಹಾಗೆ ನೋಡಿದರೆ ಗಡಿಯವರು ಅಂತ ಸುಮ್ನೆ ಬಿಟ್ಟಿದ್ದರೆ ಆ ಹಳಿ ಅಲ್ಲೇ ತುಕ್ಕು ಹಿಡಿಯುತ್ತಿತ್ತು.

2016ರ ಬೇಸಿಗೆ ನೆನಪಿದೆಯಲ್ಲ? ಲಾತೂರಿನಲ್ಲಿ ಕುಡಿಯಲು ನೀರಿಲ್ಲ. ಏಪ್ರಿಲ್ ತಿಂಗಳಲ್ಲಿ ಮಿರಜದಿಂದ ಕೃಷ್ಣೆಯ ನೀರು ತುಂಬಿಕೊಂಡು 'ಜಲದೂತ' ಗಾಡಿ ಹೋಯಿತು. ಮೊದಲ ಸಲ 10 ಟ್ಯಾಂಕ್ ವ್ಯಾಗನ್, ಸುಮಾರು 5 ಲಕ್ಷ ಲೀಟರ್. ಆಮೇಲೆ 50 ವ್ಯಾಗನ್, 25 ಲಕ್ಷ ಲೀಟರ್. ಹೋದದ್ದು ಯಾವ ದಾರಿಯಲ್ಲಿ? ಪಂಢರಪುರ, ಕುರ್ಡುವಾಡಿ, ಬಾರ್ಶಿ ಮೇಲೆ ಲಾತೂರಿಗೆ, ಬಹುಪಾಲು ನಿಮ್ಮ ಆಯಿ ಹೋದ ದಾರಿಯಲ್ಲೇ. ಈಗ ಕಾಲ್‌ಥ್ರಾಪನ ಲೆಕ್ಕ ಹಾಕಿ ನೋಡಿ. ಅಚ್ಚಿಗೆ 5 ಟನ್, ವ್ಯಾಗನ್ನಿಗೆ 4 ಅಚ್ಚು, ಖಾಲಿ ಡಬ್ಬಿಯ ತೂಕವೂ ಸೇರಿ 20 ಟನ್. ಜಲದೂತದ ಒಂದು ವ್ಯಾಗನ್ನಿನಲ್ಲಿ ನೀರೇ ಸುಮಾರು 50 ಟನ್. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಇದೇ. ಸಣ್ಣ ಹಳಿ ಹಾಗೇ ಉಳಿದಿದ್ದರೆ ಆ ವರ್ಷ ಈ ನೀರು ಹೋಗುತ್ತಿರಲಿಲ್ಲ.

ಹಾಗಾಗಿ ಆಟದ ರೈಲಿಗೆ ನಾನು ದನಿಗೂಡಿಸುವುದಿಲ್ಲ. ಎರಡು ಕಿಲೋಮೀಟರ್ ಹಳಿ, ಬಣ್ಣ ಬಳಿದ ಡಬ್ಬಿ, ಸೆಲ್ಫಿ ತೆಗೆಯಲು ಒಂದು ಕಟ್ಟೆ, ಮೂರು ವರ್ಷಕ್ಕೆ ಬೀಗ. ಬಾರ್ಶಿ ಲೈಟ್ ಒಂದು ದಿನವೂ ಆಟದ ಗಾಡಿ ಆಗಿರಲಿಲ್ಲ, ಅದನ್ನು ಸತ್ತ ಮೇಲೆ ಯಾಕೆ ಆಟಿಕೆ ಮಾಡುವುದು?

ನಾವು ಕಳೆದುಕೊಂಡದ್ದು ಹಳಿಯ ಅಗಲವನ್ನಲ್ಲ, ಪ್ಯಾಸೆಂಜರ್ ಗಾಡಿಯನ್ನು. ಎಲ್ಲಾ ಊರಿಗೂ ನಿಲ್ಲುವ, ಹೊತ್ತಿಗೆ ಮುಂಚೆ ಬುಕ್ ಮಾಡಬೇಕಿಲ್ಲದ, ಹಾಲಿನ ಕ್ಯಾನು, ಕೋಳಿ ಬುಟ್ಟಿ, ಶಾಲೆ ಚೀಲ ಎಲ್ಲವೂ ಹತ್ತುವ ಗಾಡಿ. 2020ರಲ್ಲಿ ಕೊರೊನಾ ಬಂದಾಗ ದೇಶದ ತುಂಬಾ ಇವು ನಿಂತವು. ಮತ್ತೆ ಶುರುವಾದಾಗ ಹೆಸರಿಗೆ ಎಕ್ಸ್‌ಪ್ರೆಸ್ ಅಂತಾಯಿತು, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ 30 ಆಯಿತು, ಹಳೆಯ ದರ ಮರಳಿದ್ದು 2024ರ ಫೆಬ್ರವರಿಯಲ್ಲಿ. ಅಷ್ಟರಲ್ಲಿ ಎಷ್ಟೋ ಸಣ್ಣ ಸ್ಟೇಷನ್ನುಗಳ ನಿಲುಗಡೆ ಹೋಗಿತ್ತು. ಇದರ ಬಗ್ಗೆ ನಮಗೆ ಬಂದ ಪತ್ರಗಳು ಕಡಿಮೆ. ಹಳೆಯ ಉಗಿ ಇಂಜಿನ್ನಿನ ಬಗ್ಗೆ ಬರುವ ಪತ್ರಗಳು ಚೀಲ ಚೀಲ. ಮಾಸ್ತರರೇ, ನಿಮ್ಮ ಅಕ್ಷರ ದುಂಡಗಿದೆ, ಕೈಯಲ್ಲಿ ಕಸುವಿದೆ. ಆ ನಾಲ್ಕು ಪುಟವನ್ನು ಸಂಸದರಿಗೆ ಬರೆಯಿರಿ: ನಿಮ್ಮ ಭಾಗದ ಯಾವ ಸ್ಟೇಷನ್ನಿನಲ್ಲಿ ಬೆಳಿಗ್ಗೆ ಕಾಲೇಜಿಗೆ ಹೋಗುವ ಮಕ್ಕಳಿಗೆ ಗಾಡಿ ಬೇಕು, ಸಂಜೆ ಎಷ್ಟಕ್ಕೆ ವಾಪಸ್ ಬೇಕು, ಮಿರಜ ಆಸ್ಪತ್ರೆಗೆ ಹೋಗುವವರಿಗೆ ಯಾವ ಹೊತ್ತು ಅನುಕೂಲ. ಪ್ರತಿಯನ್ನು ನಮಗೂ ಕಳಿಸಿ, ಒಂದಕ್ಷರ ಬಿಡದೆ ಹಾಕುತ್ತೇವೆ.

ಶಾಲೆಯ ಗಾಡಿಗೆ ಅಳತೆ ಸುಲಭ ಇದೆ. ಒಂದು ಅಡಿಗೆ ಅರ್ಧ ಇಂಚು ಅಂತ ಹಿಡಿಯಿರಿ. ಹಳಿ ಎರಡೂವರೆ ಅಡಿ, ಅಂದರೆ ಒಂದೂಕಾಲು ಇಂಚು ಅಗಲ. ಕಾಲ್‌ಥ್ರಾಪನ ವ್ಯಾಗನ್ 25 ಅಡಿ ಉದ್ದ, 7 ಅಡಿ ಅಗಲ. ನಿಮ್ಮ ರಟ್ಟಿನ ವ್ಯಾಗನ್ ಹನ್ನೆರಡೂವರೆ ಇಂಚು ಉದ್ದ, ಮೂರೂವರೆ ಇಂಚು ಅಗಲ. ಶಾಲೆಯ ಅಡಿಪಟ್ಟಿಗಿಂತ ಸ್ವಲ್ಪ ಉದ್ದ ಅಷ್ಟೇ, ಮಕ್ಕಳ ಕೈಗೆ ಸರಿಹೋಗುತ್ತದೆ. ಅಗಲ ಹಳಿಯ ಎರಡೂ ಕಡೆ ಇಷ್ಟು ಹೊರಗೆ ಚಾಚಿದೆಯಲ್ಲ, ಮಗುಚುವುದಿಲ್ಲವೇ ಅಂತ ಮಕ್ಕಳು ಕೇಳಿದರೆ ಒಳ್ಳೆಯ ಪ್ರಶ್ನೆ ಅನ್ನಿ, ತಳದಲ್ಲಿ ನಾಲ್ಕು ಕಬ್ಬಿಣದ ನಟ್ಟು ಅಂಟಿಸಿ ತೋರಿಸಿ. ಚಕ್ರಕ್ಕೆ ಔಷಧ ಬಾಟಲಿಯ ಮುಚ್ಚಳ ಸಾಕು. ವ್ಯಾಗನ್ನಿಗೆ ನಾಲ್ಕು ಅಚ್ಚು ಇರಬೇಕು, ಎರಡಿಟ್ಟು ಮುಗಿಸಬೇಡಿ.

ಬೇರೆ ಓದುಗರಿಗೂ ಒಂದು ಮಾತು. ಆ ಗಾಡಿಯ ಫೋಟೊ, ರಟ್ಟಿನ ಟಿಕೆಟ್, ಹಳೆಯ ವೇಳಾಪಟ್ಟಿ ಯಾರ ಟ್ರಂಕಿನಲ್ಲಾದರೂ ಇದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸಿ, ಹಿಂಬದಿಯದನ್ನೂ ತೆಗೆಯಿರಿ. ಮೂಲವನ್ನು ಅಂಚೆಗೆ ಹಾಕಬೇಡಿ. ಇಳಿದು ಮತ್ತೆ ಹತ್ತಿದ ಕಥೆ ಮಾತ್ರ ಬೇಡ, ಅದು ಸಾಕಷ್ಟು ಬಂದಿದೆ.