ಅಮೆರಿಕದ ರಾಜ್ಯಗಳ ಕ್ಯಾಪಿಟಲ್ ಕಟ್ಟಡಗಳನ್ನು ಹೋಲಿಸಬೇಕು, ಯಾವ ಹತ್ತು ಗುಮ್ಮಟ ನೋಡಲಿ?

ನಿಮ್ಮ ಯೋಜನೆ ಹೀಗಿದೆ: ಹನ್ನೆರಡು ದಿನ, ಬಾಡಿಗೆ ಕಾರು, ರಾಜ್ಯಗಳ ಶಾಸನಸಭೆ ಕೂರುವ ಕ್ಯಾಪಿಟಲ್ ಕಟ್ಟಡಗಳ ಹತ್ತು ಗುಮ್ಮಟ. ಎತ್ತರ, ಶೈಲಿ, ಅಲಂಕಾರ ಅಂತ ಮೂರು ಕಾಲಂ. ಗುಮ್ಮಟ ಮುಖ್ಯವಲ್ಲದ ನೆಬ್ರಾಸ್ಕಾ, ಲೂಸಿಯಾನಾ ಬಿಟ್ಟಿದ್ದೀರಿ. ನಿಮ್ಮ ಪಟ್ಟಿ ನೋಡಿ ನನಗೆ ಹೊಟ್ಟೆಯೊಳಗೆ ಕಿವುಚಿದಂತಾಯಿತು. ಹೆಚ್ಚುಕಡಿಮೆ ಇದೇ ಪಟ್ಟಿ ಹಿಡಿದುಕೊಂಡು ನಾನೂ ಹೊರಟಿದ್ದೆ.

ಆರ್ಕಿಟೆಕ್ಚರ್ ಮಾಸ್ಟರ್ಸ್ ಮೊದಲ ವರ್ಷ ಮುಗಿದ ಬೇಸಿಗೆ ಅದು. ನಾನು ಬೆಂಗಳೂರಲ್ಲಿ ಬೆಳೆದವನು. ಸ್ಕೂಲಿಗೆ ಹೋಗುವ ಬಸ್ಸಿನ ಕಿಟಕಿಯಿಂದ ದಿನಾ ವಿಧಾನಸೌಧ ನೋಡಿ, ಸರ್ಕಾರ ಅಂದರೆ ಅಗಲವಾದ ಮೆಟ್ಟಿಲು, ಸಾಲು ಕಂಬ, ಮೇಲೊಂದು ಗುಮ್ಮಟ ಅಂತ ತಲೆಯಲ್ಲಿ ಕೂತುಬಿಟ್ಟಿತ್ತು. ಅಮೆರಿಕಕ್ಕೆ ಬಂದ ಮೇಲೆ ಒಂದೊಂದು ರಾಜ್ಯದ ರಾಜಧಾನಿಯಲ್ಲೂ ಅದೇ ಕಂಡಿತು. ಥೀಸಿಸ್‌ಗೆ ವಿಷಯ ತಾನಾಗಿ ಬಂತು ಅಂದುಕೊಂಡೆ. ವಾಷಿಂಗ್ಟನ್‌ನ ಕ್ಯಾಪಿಟಲ್, ಅಂದರೆ ಅಮೆರಿಕದ ಸಂಸತ್ ಭವನದ ಗುಮ್ಮಟವನ್ನು ರಾಜ್ಯಗಳು ಹೇಗೆ ನಕಲು ಮಾಡಿದವು, ಇದೇ ವಿಷಯ. ಉತ್ತರ ಮೊದಲೇ ನಿರ್ಧಾರ ಆಗಿತ್ತು. ಅದನ್ನು ತೋರಿಸುವ ಫೋಟೋಗಳು ಮಾತ್ರ ಬೇಕಿದ್ದವು.

ಮೊದಲು ಹೋಗಿದ್ದು ಮಿಷಿಗನ್‌ನ ಲ್ಯಾನ್ಸಿಂಗ್‌ಗೆ. 1879ರ ಜನವರಿ 1ರಂದು ಉದ್ಘಾಟನೆಯಾದ ಕಟ್ಟಡ. ಎಲೈಜಾ ಮೈಯರ್ಸ್ ಅದರ ವಾಸ್ತುಶಿಲ್ಪಿ. ಅಲ್ಲಿ ಬೆಳಿಗ್ಗೆ ಗೈಡ್ ಜೊತೆ ಪೂರ್ತಿ ಸುತ್ತಿದೆ. ಗುಮ್ಮಟ ಎರಕದ ಕಬ್ಬಿಣದ್ದು, ದೂರದಿಂದ ಕಲ್ಲಿನ ಹಾಗೆ ಕಾಣಲಿ ಅಂತ ತಿಳಿ ಬಣ್ಣ ಬಳಿದಿದ್ದಾರೆ ಅಂತ ಹೇಳಿದರು. ವಾಷಿಂಗ್ಟನ್‌ನದೂ ಅಷ್ಟೇ, ಅಂತರ್ಯುದ್ಧದ ಕಾಲದಲ್ಲಿ ಎದ್ದ ಎರಕದ ಕಬ್ಬಿಣದ ಗುಮ್ಮಟ, ತಲೆಯ ಮೇಲಿನ ಪ್ರತಿಮೆ ಸೇರಿ 288 ಅಡಿ. ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆಯ ಶುರು ಬೇಕಾ? ನೋಟ್‌ಬುಕ್‌ನಲ್ಲಿ "ಕಬ್ಬಿಣ" ಅಂತ ದೊಡ್ಡದಾಗಿ ಬರೆದು ಗೆರೆ ಎಳೆದೆ.

ಈಗ ನಾನು ಮಾಡಿದ ತಪ್ಪಿನ ವಿಷಯಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ನಾನು ಕೊಡಬಹುದಾದದ್ದು ಇದೊಂದೇ.

ಐದನೇ ದಿನ ಮಿನೆಸೋಟಾದ ಸೇಂಟ್ ಪಾಲ್ ತಲುಪಿದಾಗ ಸಂಜೆ ಆರೂವರೆ. ಬಾಗಿಲು ಮುಚ್ಚಿತ್ತು. ಬೇಸಿಗೆ ಅಲ್ವಾ, ಹೊರಗೆ ಇನ್ನೂ ಬೆಳಕಿತ್ತು. ಬಿಳಿ ಗುಮ್ಮಟ, ಅದರ ಬುಡದಲ್ಲಿ ನಾಲ್ಕು ಕುದುರೆಗಳ ಚಿನ್ನದ ರಥ, ಅದರ ಮೇಲೆ ಇಳಿಬಿಸಿಲು. ನಾಲ್ಕೂ ದಿಕ್ಕಿನಿಂದ ಇನ್ನೂರಕ್ಕೂ ಜಾಸ್ತಿ ಫೋಟೋ ತೆಗೆದೆ. ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವವರೆಗೆ ಕಾಯಬಹುದಿತ್ತು. ಆದರೆ ಪಟ್ಟಿಯಲ್ಲಿ ಇನ್ನೂ ಆರು ಊರು ಬಾಕಿ ಇತ್ತು. ಹೋಟೆಲಿನ ಬಾಡಿಗೆ ಬೇರೆ ಉಳಿಯುತ್ತೆ. ರಾತ್ರಿಯೇ ಕಾರು ಹತ್ತಿದೆ.

ಕಾಲೇಜಿಗೆ ವಾಪಸ್ ಬಂದ ಮೇಲೆ ಹತ್ತೂ ಕಟ್ಟಡಗಳ ಸೆಕ್ಷನ್ ಡ್ರಾಯಿಂಗ್ ಮಾಡಬೇಕಿತ್ತು. ಅಂದರೆ ಕಟ್ಟಡವನ್ನು ನಡುವಿಗೆ ಸೀಳಿದರೆ ಒಳಗೆ ಏನು ಕಾಣುತ್ತೋ ಆ ಚಿತ್ರ. ಸೇಂಟ್ ಪಾಲ್‌ನ ಒಳಗು ನಾನು ನೋಡಿರಲಿಲ್ಲ. ಮೂಲ ನಕ್ಷೆ ಹುಡುಕಲೂ ಹೋಗಲಿಲ್ಲ. ಹೊರಗಿನ ಮಾರ್ಬಲ್ ಬರೀ ಹೊದಿಕೆ, ಒಳಗೆ ಎಲ್ಲ ಕಡೆಯಂತೆ ಕಬ್ಬಿಣವೇ ಇರುತ್ತೆ ಅಂದುಕೊಂಡೆ. ವಾಷಿಂಗ್ಟನ್ ಗುಮ್ಮಟದ ಪ್ರಸಿದ್ಧ ಸೆಕ್ಷನ್ ಇತ್ತಲ್ಲ, ಗುಮ್ಮಟವನ್ನು ಹೊತ್ತ 36 ಬಾಗಿದ ಕಬ್ಬಿಣದ ಪಕ್ಕೆಲುಬುಗಳದ್ದು, ಅದನ್ನೇ ಎದುರಿಗಿಟ್ಟುಕೊಂಡು ಸೇಂಟ್ ಪಾಲ್ ಅಳತೆಗೆ ಕುಗ್ಗಿಸಿ ಬಿಡಿಸಿಬಿಟ್ಟೆ. ಮೋಸ ಮಾಡುತ್ತಿದ್ದೇನೆ ಅಂತ ಆಗ ಅನ್ನಿಸಲಿಲ್ಲ. ನನಗೆ ಗೊತ್ತಿರುವುದನ್ನೇ ಬರೆಯುತ್ತಿದ್ದೇನೆ ಅಂತಲೇ ನಂಬಿದ್ದೆ. ಗೆರೆಗಳು ತುಂಬಾ ಚೆನ್ನಾಗಿ ಬಂದಿದ್ದವು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ, ನನಗೂ.

ಥೀಸಿಸ್ ನೋಡಿ ತೀರ್ಪು ಹೇಳುವ ಕೊನೆಯ ಜ್ಯೂರಿಗೆ ಹೊರಗಿನಿಂದ ಒಬ್ಬರು ಬಂದಿದ್ದರು. ಸೇಂಟ್ ಪಾಲ್ ಕಟ್ಟಡದ ಮಾರ್ಬಲ್ ಸಕ್ಕರೆಯ ಹಾಗೆ ಉದುರುತ್ತಿತ್ತು ಅಂತ 2013ರಿಂದ 2017ರವರೆಗೆ ದೊಡ್ಡ ರಿಪೇರಿ ನಡೆದಿತ್ತು. ಅದರಲ್ಲಿ ಕಲ್ಲಿನ ಕೆಲಸ ನೋಡಿಕೊಂಡವರಲ್ಲಿ ಅವರೂ ಒಬ್ಬರು. ನನ್ನ ಹಾಳೆಯ ಮುಂದೆ ತುಂಬಾ ಹೊತ್ತು ನಿಂತರು. ಆಮೇಲೆ ಮೆಲ್ಲಗೆ ಒಂದೇ ಪ್ರಶ್ನೆ ಕೇಳಿದರು. ಈ ಗುಮ್ಮಟದ ಭಾರ ಯಾವ ದಾರಿಯಲ್ಲಿ ನೆಲಕ್ಕೆ ಇಳಿಯುತ್ತೆ? ನಾನು ಪಕ್ಕೆಲುಬುಗಳ ಮೇಲೆ ಬೆರಳಿಟ್ಟು ತೋರಿಸಿದೆ. ಅಲ್ಲಿ ಪಕ್ಕೆಲುಬುಗಳೇ ಇಲ್ಲ ಅಂದರು.

ಸೇಂಟ್ ಪಾಲ್‌ನ ಗುಮ್ಮಟ ನಿಜವಾಗಿಯೂ ಮಾರ್ಬಲ್‌ನದು. ತನ್ನ ಭಾರ ತಾನೇ ಹೊರುತ್ತೆ. ಒಂದರೊಳಗೊಂದು ಮೂರು ಚಿಪ್ಪುಗಳಿವೆ. ಒಳಗಿನಿಂದ ತಲೆಯೆತ್ತಿದರೆ ಕಾಣುವುದು ಒಂದು. ಹೊರಗಿನ ಮಾರ್ಬಲ್ ಇನ್ನೊಂದು. ಇವೆರಡರ ನಡುವೆ, ಯಾರ ಕಣ್ಣಿಗೂ ಬೀಳದಂತೆ, ತುದಿಯ ಪುಟ್ಟ ಮಂಟಪದ ಭಾರ ಹೊತ್ತ ಇಟ್ಟಿಗೆ ಮತ್ತು ಉಕ್ಕಿನ ಕೋನ್. ಕಬ್ಬಿಣದ ಗುಮ್ಮಟ ಹಗುರ, ತುಂಡುಗಳನ್ನು ತಂದು ಬೋಲ್ಟ್ ಹಾಕಿ ಜೋಡಿಸಬಹುದು. ಕಲ್ಲಿನ ಗುಮ್ಮಟ ಹಾಗಲ್ಲ. ಅದು ಬುಡದಲ್ಲಿ ಹೊರಕ್ಕೆ ನೂಕುತ್ತಲೇ ಇರುತ್ತೆ, ಅದನ್ನು ಹಿಡಿದಿಡುವ ಗಟ್ಟಿ ಬುಡ ಬೇಕು. ಬುಡದ ದಪ್ಪ, ಕಂಬಗಳ ಜಾಗ, ಕಿಟಕಿಯ ಅಗಲ ಎಲ್ಲವೂ ಅದರಿಂದ ಬದಲಾಗುತ್ತೆ. ಅದೂ ಅಲ್ಲದೆ, ವಾಸ್ತುಶಿಲ್ಪಿ ಕ್ಯಾಸ್ ಗಿಲ್ಬರ್ಟ್, 1905ರಲ್ಲಿ ಬಾಗಿಲು ತೆರೆದ ಈ ಕಟ್ಟಡಕ್ಕೆ ಮಾದರಿಯಾಗಿ ಇಟ್ಟುಕೊಂಡಿದ್ದು ರೋಮ್‌ನ ಸೇಂಟ್ ಪೀಟರ್ಸ್ ಗುಮ್ಮಟವನ್ನು. ಹೀಗೆ ನನ್ನ ಡ್ರಾಯಿಂಗೂ ಹೋಯಿತು, "ಎಲ್ಲ ವಾಷಿಂಗ್ಟನ್ ನಕಲು" ಅನ್ನುವ ವಾದವೂ ಹೋಯಿತು. ಮೇಲಾಗಿ, ಒಂದು ಸೆಕ್ಷನ್ ಊಹೆಯದು ಅಂತ ಗೊತ್ತಾದ ಮೇಲೆ ಉಳಿದ ಒಂಬತ್ತನ್ನು ಯಾರು ನಂಬುತ್ತಾರೆ? ವಿಸ್ಕಾನ್ಸಿನ್‌ನ ಮ್ಯಾಡಿಸನ್‌ದೂ ತಪ್ಪೇ ಆಗಿತ್ತು. ಅದು ಗ್ರಾನೈಟ್ ಗುಮ್ಮಟ.

ಥೀಸಿಸ್ ಮತ್ತೆ ಮಾಡು ಅಂದರು. ಜೂನ್‌ನಲ್ಲಿ ಸೇರಬೇಕಿದ್ದ ಕೆಲಸ ಕೈತಪ್ಪಿತು. ಇನ್ನೊಂದು ಸೆಮಿಸ್ಟರ್ ಫೀಸು ಕಟ್ಟಬೇಕಾಯಿತು. ಅಪ್ಪ ಆಗಲೇ ಮನೆ ಮೇಲೆ ಸಾಲ ಎತ್ತಿದ್ದರು. ಅವರು ಜೀವನವಿಡೀ ಕಟ್ಟಡದ ಸೈಟ್‌ಗಳಲ್ಲಿ ಸೂಪರ್‌ವೈಸರ್ ಆಗಿದ್ದವರು. ಫೋನ್‌ನಲ್ಲಿ ಎಲ್ಲ ಕೇಳಿಸಿಕೊಂಡು, ಬೈಯಲಿಲ್ಲ. "ಒಳಗೆ ಹೋಗ್ಲೇ ಇಲ್ವಾ ಮಗಾ?" ಅಂದರು, ಅಷ್ಟೇ. ಆ ರಾತ್ರಿ ನಿದ್ದೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ, ಯಾವ ಹತ್ತು ಗುಮ್ಮಟ ಅನ್ನುವ ಪ್ರಶ್ನೆಯನ್ನೇ ಬಿಡಿ. ಹತ್ತು ಬೇಡ. ಗುಮ್ಮಟದ ಆಕಾರವೂ ಬೇಡ. ಫೋಟೋದಲ್ಲಿ ಲ್ಯಾನ್ಸಿಂಗ್ ಮತ್ತು ಸೇಂಟ್ ಪಾಲ್ ಅಕ್ಕ ತಂಗಿಯರ ಹಾಗೆ ಕಾಣುತ್ತವೆ. ನಿಜದಲ್ಲಿ ಅವುಗಳ ನಡುವೆ ಕಟ್ಟುವ ರೀತಿಯೇ ಬೇರೆಯಾಗಿದೆ. ನಿಮ್ಮ ಮೂರು ಕಾಲಂಗಳಲ್ಲಿ ಆ ವ್ಯತ್ಯಾಸ ಎಲ್ಲಿ ಬರೆಯುತ್ತೀರಿ?

ಎತ್ತರದ ಕಾಲಂ ಅಂತೂ ಸುಮ್ನೆ ಅಳಿಸಿಬಿಡಿ. ಇಲಿನಾಯ್‌ದು 361 ಅಡಿ, ಟೆಕ್ಸಸ್‌ದು ಪ್ರತಿಮೆ ಸೇರಿ 302 ಅಡಿಗಿಂತ ಸ್ವಲ್ಪ ಜಾಸ್ತಿ, ವಿಸ್ಕಾನ್ಸಿನ್‌ದು ವಾಷಿಂಗ್ಟನ್‌ಗಿಂತ ಮೂರು ಅಡಿ ಚಿಲ್ಲರೆ ಕಡಿಮೆ. ಇದನ್ನು ಬರೆದುಕೊಂಡು ಏನು ತಿಳಿಯುತ್ತೆ? ಅಳತೆ ಅನ್ನುವುದೇ ಎಷ್ಟು ಜಾರುತ್ತೆ ನೋಡಬೇಕಾದರೆ ಕೊಲರಾಡೋದ ಡೆನ್ವರ್ ಕ್ಯಾಪಿಟಲ್‌ನ ಮೆಟ್ಟಿಲಿಗೆ ಹೋಗಿ. ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ ಅನ್ನುವ ಗುರುತು ಅಲ್ಲಿ ಮೂರು ಕಡೆ ಇದೆ. ಮೊದಲು 15ನೇ ಮೆಟ್ಟಿಲು. 1969ರಲ್ಲಿ ಮತ್ತೆ ಅಳೆದು 18ನೇದು ಅಂದರು. 2003ರಲ್ಲಿ ಇನ್ನೊಮ್ಮೆ ಅಳೆದು 13ಕ್ಕೆ ಇಳಿಸಿದರು.

ಎರಡನೇ ಸಲ ನಾನು ಆರಿಸಿಕೊಂಡಿದ್ದು ಮೂರೇ ಕಟ್ಟಡ. ಲ್ಯಾನ್ಸಿಂಗ್, ಟೆಕ್ಸಸ್‌ನ ಆಸ್ಟಿನ್, ಡೆನ್ವರ್. ಮೂರಕ್ಕೂ ಶುರುವಿನ ವಿನ್ಯಾಸ ಒಬ್ಬನದೇ, ಎಲೈಜಾ ಮೈಯರ್ಸ್‌ದು. ಕೈ ಒಂದೇ ಇದ್ದರೆ, ಬದಲಾದದ್ದೆಲ್ಲ ಆ ಊರಿನ ದುಡ್ಡು, ಕಲ್ಲು ಮತ್ತು ಕೆಲಸಗಾರರಿಂದ ಆದದ್ದು ಅಂತ ಹೇಳುವ ಧೈರ್ಯ ಬರುತ್ತೆ. ಪೂರ್ತಿ ಹಾಗಲ್ಲ, ಡೆನ್ವರ್‌ನಲ್ಲಿ ಅವನನ್ನು 1889ರಲ್ಲೇ ಕೈಬಿಟ್ಟು ಬೇರೆಯವರು ಮುಗಿಸಿದರು. ಆದರೂ ಹತ್ತು ಜನರ ಹತ್ತು ಕಟ್ಟಡಕ್ಕಿಂತ ಇದು ಎಷ್ಟೋ ವಾಸಿ.

ಲ್ಯಾನ್ಸಿಂಗ್‌ನಲ್ಲಿ ದುಡ್ಡು ಕಡಿಮೆ. ಹಾಗಾಗಿ ಪೈನ್ ಮರಕ್ಕೆ ವಾಲ್‌ನಟ್ ಮರದ ಗೆರೆ ಬರುವಂತೆ ಕೈಯಿಂದ ಬಣ್ಣ ಹಚ್ಚಿದ್ದಾರೆ. ಇಡೀ ಕಟ್ಟಡದಲ್ಲಿ ಕೈಯಿಂದ ಚಿತ್ರಿಸಿದ ಜಾಗವೇ ಒಂಬತ್ತು ಎಕರೆಗೂ ಜಾಸ್ತಿ. ರೊಟುಂಡಾದ, ಅಂದರೆ ಗುಮ್ಮಟದ ಕೆಳಗಿನ ದುಂಡು ಅಂಗಳದ ನೆಲಕ್ಕೆ 976 ಗಾಜಿನ ತುಂಡು. ಕೆಳಗಿನ ಮಹಡಿಗೆ ಹೋಗಿ ಆ ನೆಲವನ್ನು ಅಡಿಯಿಂದ ನೋಡಿ, ಮೇಲೆ ನಡೆಯುವವರ ನೆರಳು ಕಾಣುತ್ತೆ.

ಆಸ್ಟಿನ್‌ನದು ಬೇರೆಯೇ ಕಥೆ. ನನಗೆ ತುಂಬಾ ಇಷ್ಟವಾದದ್ದೂ ಅದೇ, ತುಂಬಾ ಸಂಕಟ ಕೊಟ್ಟದ್ದೂ ಅದೇ. ಟೆಕ್ಸಸ್ ಬಳಿ ನಗದು ಇರಲಿಲ್ಲ, ನೆಲ ಇತ್ತು. ಕಟ್ಟಿದವರಿಗೆ 30 ಲಕ್ಷ ಎಕರೆ ಭೂಮಿ ಕೊಟ್ಟರು. ಅದೇ ಮುಂದೆ ಎಕ್ಸ್‌ಐಟಿ ರ‍್ಯಾಂಚ್ ಎಂಬ ದನ ಸಾಕುವ ದೊಡ್ಡ ಜಮೀನು ಆಯಿತು. ಮೊದಲು ಹತ್ತಿರದ ಸುಣ್ಣದಕಲ್ಲು ಹಾಕಬೇಕು ಅಂತಿತ್ತು. ಅದರಲ್ಲಿ ಕಬ್ಬಿಣದ ಅಂಶ ಇದ್ದು ಗಾಳಿಗೆ ಕಲೆ ಬೀಳುತ್ತಿತ್ತು. ಆಗ ಮಾರ್ಬಲ್ ಫಾಲ್ಸ್ ಬಳಿಯ ಗ್ರಾನೈಟ್ ಬೆಟ್ಟದ ಮಾಲೀಕರು ಕಲ್ಲನ್ನು ಬಿಟ್ಟಿಯಾಗಿ ಕೊಟ್ಟರು. ಕಲ್ಲು ಒಡೆಯಲು ಕೈದಿಗಳನ್ನು ಹಚ್ಚಿದರು. ಕಲ್ಲುಕುಟಿಗರ ಸಂಘ ಬಹಿಷ್ಕಾರ ಹಾಕಿತು. ಕೊನೆಗೆ ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಕಲ್ಲುಕುಟಿಗರನ್ನು ಕರೆಸಿ ಕೆಲಸ ಮಾಡಿಸಿದರು. ಗುಮ್ಮಟದ ಕಬ್ಬಿಣ ಎರಕ ಹೊಯ್ದದ್ದೂ ರಸ್ಕ್ ಊರಿನ ಜೈಲಿನಲ್ಲಿ. 1888ಕ್ಕೆ ಮುಗಿಯಿತು. ಆ ಕೆಂಪು ಗೋಡೆಗೆ ಕೈ ಇಟ್ಟಾಗ ನನಗೆ ವಿಧಾನಸೌಧ ನೆನಪಾಯಿತು. ಅದೂ ಗ್ರಾನೈಟ್, ಅಲ್ಲೂ ಕೈದಿಗಳು ದುಡಿದಿದ್ದರು. ಅಷ್ಟು ವರ್ಷ ಕಿಟಕಿಯಿಂದ ನೋಡಿದ್ದೆ, ಕಲ್ಲು ಯಾರು ಒಡೆದರು ಅಂತ ಒಮ್ಮೆಯೂ ಕೇಳಿರಲಿಲ್ಲ.

ಡೆನ್ವರ್‌ನಲ್ಲಿ ಗುಮ್ಮಟಕ್ಕೆ ಮೊದಲು ತಾಮ್ರ ಹೊದಿಸಿದ್ದರು. ಗಣಿಗಳ ರಾಜ್ಯ, ಚಿನ್ನದ ನೆನಪಿಗೆ ಚಿನ್ನವೇ ಇರಲಿ ಅಂತ 1908ರಲ್ಲಿ ಚಿನ್ನದ ಹಾಳೆ ಅಂಟಿಸಿದರು. ಒಳಗೆ ಬ್ಯೂಲಾ ಎಂಬ ಊರಿನ ಗುಲಾಬಿ ಆನಿಕ್ಸ್ ಕಲ್ಲು ಇದೆ. ಗೊತ್ತಿದ್ದ ಅಷ್ಟೂ ಕಲ್ಲು ಈ ಒಂದೇ ಕಟ್ಟಡಕ್ಕೆ ಖರ್ಚಾಯಿತು.

ಒಂದು ದಿನ ಉಳಿದರೆ, ನೀವು ಬಿಟ್ಟಿರುವ ನೆಬ್ರಾಸ್ಕಾಕ್ಕೇ ಹೋಗಿ. ಲೂಸಿಯಾನಾ ಈ ಸಲ ದೂರ ಆಗುತ್ತೆ. 1932ರಲ್ಲಿ ಮುಗಿದ, ಗವರ್ನರ್ ಆಗಿದ್ದ ಹ್ಯೂಯಿ ಲಾಂಗ್ ಎಬ್ಬಿಸಿದ 450 ಅಡಿಯ ಗೋಪುರ, ಅದಕ್ಕೆ ಬೇರೆಯೇ ಪ್ರವಾಸ ಬೇಕು. ನೆಬ್ರಾಸ್ಕಾದ ರಾಜಧಾನಿ ಲಿಂಕನ್ ಮಾತ್ರ ತಪ್ಪಿಸಬೇಡಿ. 1920ರ ವಿನ್ಯಾಸ ಸ್ಪರ್ಧೆ ಗೆದ್ದ ಬರ್ಟ್ರಮ್ ಗುಡ್‌ಹ್ಯೂ, ದೊಡ್ಡ ಗುಮ್ಮಟದ ಬದಲು 400 ಅಡಿಯ ಗೋಪುರ ಕೊಟ್ಟ. ಗುಮ್ಮಟ ಪುಟ್ಟದಾಗಿ ಅದರ ತುದಿಗೆ ಹೋಯಿತು. ಅದರ ಮೇಲೆ ಬೀಜ ಬಿತ್ತುವ ರೈತನ ಪ್ರತಿಮೆ, ಯಾವ ದೇವತೆಯೂ ಇಲ್ಲ. ಹಳೆಯ ಕಟ್ಟಡದಲ್ಲಿ ಸರ್ಕಾರದ ಕೆಲಸ ನಡೆಯುತ್ತಿರುವಾಗಲೇ ಅದರ ಸುತ್ತ ಹೊಸದನ್ನು ಕಟ್ಟಿದರು. ಆಮೇಲೆ ಹಳೆಯದನ್ನು ಕೆಡವಿ ನಡುವೆ ಗೋಪುರ ಎಬ್ಬಿಸಿದರು. 1922ರಿಂದ 1932, ಹತ್ತು ವರ್ಷ. ಗುಡ್‌ಹ್ಯೂ 1924ರಲ್ಲೇ ತೀರಿಕೊಂಡ, ಮುಗಿದದ್ದು ನೋಡಲಿಲ್ಲ. ಎರಡು ಸದನಕ್ಕೆ ಅಂತ ಎರಡು ಸಭಾಂಗಣ ಕಟ್ಟಿದರು. 1937ರಿಂದ ನೆಬ್ರಾಸ್ಕಾಕ್ಕೆ ಒಂದೇ ಸದನ, ಇನ್ನೊಂದು ಸಭಾಂಗಣ ಹಾಗೇ ಉಳಿದಿದೆ. ಗುಮ್ಮಟ ಬೇಕೇ ಬೇಕಾ ಅಂತ ಆ ಕಾಲದವರೇ ಕೇಳಿಕೊಂಡಿದ್ದರು. ಅದನ್ನೇ ಪಟ್ಟಿಯಿಂದ ಬಿಟ್ಟರೆ ಉಳಿದ ಗುಮ್ಮಟಗಳ ಬಗ್ಗೆ ಏನು ಹೇಳಲು ಸಾಧ್ಯ?

ಕ್ಯಾಮೆರಾ ಕೊನೆಗೆ ತೆಗೆಯಿರಿ. ಮೊದಲು ಗೈಡ್ ಜೊತೆ ಒಳಗೆ ಹೋಗಿ, ಎಲ್ಲಿಯವರೆಗೆ ಹತ್ತಲು ಬಿಡುತ್ತಾರೋ ಅಲ್ಲಿಯವರೆಗೆ ಹತ್ತಿ, ಭಾರ ಎಲ್ಲಿಗೆ ಇಳಿಯುತ್ತೆ ಅಂತ ಕೇಳಿ. ನೋಡದ ಭಾಗವನ್ನು ಡ್ರಾಯಿಂಗ್‌ನಲ್ಲಿ ಖಾಲಿ ಬಿಡಿ. ಖಾಲಿ ಬಿಟ್ಟಿದ್ದಕ್ಕೆ ಯಾರೂ ನಿಮ್ಮನ್ನು ವಾಪಸ್ ಕಳಿಸುವುದಿಲ್ಲ.

ಹೋದ ವರ್ಷ ನಾನು ಮತ್ತೆ ಸೇಂಟ್ ಪಾಲ್‌ಗೆ ಹೋಗಿದ್ದೆ, ಸುಮ್ನೆ ನೋಡಲು. ಟೂರ್‌ನವರು ಮೇಲೆ ಆ ಚಿನ್ನದ ಕುದುರೆಗಳವರೆಗೂ ಕರೆದುಕೊಂಡು ಹೋಗುತ್ತಾರೆ. ಅಲ್ಲಿ ನಿಂತರೆ ಗುಮ್ಮಟ ಹಿಂದೆಯೇ ಇರುತ್ತೆ. ಜಾರ್ಜಿಯಾದಿಂದ ತಂದ ಮಾರ್ಬಲ್, ಕಲ್ಲಿನ ಪಕ್ಕ ಕಲ್ಲು, ನಡುವೆ ಸಂದಿನ ಗೆರೆ. ಹತ್ತಿರದಿಂದ ಅದು ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ? ನೀವು ಆ ಊರು ತಲುಪುವಾಗ ಸಂಜೆಯಾಗಿದ್ದರೆ, ದಯವಿಟ್ಟು ರಾತ್ರಿ ಅಲ್ಲೇ ಉಳಿಯಿರಿ.